ಬೆಳೆಯುವ ತೋಳಿಗೆ ದುಬಾರಿ ಬಿಲ್ಲು ಬೇಕೆ?



ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಬಿಲ್ವಿದ್ಯೆಯ ಆಸಕ್ತಿ ಮೂಡುತ್ತಿರುವುದು ಸಂತೋಷದ ಸಂಗತಿ. ಅದಕ್ಕೆ ಕಾರಣಗಳೂ ಇವೆ. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಕಾಂಪೌಂಡ್ ವಿಭಾಗದಲ್ಲಿ 17 ವರ್ಷದ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ ಭಾರತಕ್ಕೆ ವೈಯಕ್ತಿಕ ಚಿನ್ನ ತಂದುಕೊಟ್ಟರು. ಎರಡೂ ತೋಳುಗಳಿಲ್ಲದೆ ಜನಿಸಿದ ಶೀತಲ್ ದೇವಿ ಪಾದದಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮಿಶ್ರ ತಂಡ ವಿಭಾಗದಲ್ಲಿ ಕಂಚು ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊತ್ತಮೊದಲ ಬಾರಿಗೆ ಸೇರ್ಪಡೆಯಾಗಲಿದೆ.

ಶಾಲೆಯಲ್ಲಿ ಬಿಲ್ಲು ಹಿಡಿಯಲು ಕಲಿತ ಮಗು ಒಂದೆರಡು ವರ್ಷಗಳಲ್ಲಿ ತನ್ನದೇ ಆದ ಕಾಂಪೌಂಡ್ ಬಿಲ್ಲು ಬೇಕೆಂದು ಕೇಳುತ್ತದೆ. ಪ್ರಮುಖ ಕಂಪನಿಗಳ ಉನ್ನತ ದರ್ಜೆಯ ಬಿಲ್ಲಿಗೆ ಸುಮಾರು 1,200ರಿಂದ 2,000 ಡಾಲರ್ ಬೆಲೆಯಿದೆ. ಆ ಬೆಲೆಗೆ ದೊರೆಯುವುದು ಬರಿಯ ಬಿಲ್ಲು ಮಾತ್ರ. ಗುರಿ ನೋಡುವ ಸೈಟ್, ಬಾಣ ಕೂರಿಸುವ ರೆಸ್ಟ್, ತೂಕ ಸರಿದೂಗಿಸುವ ಸ್ಟೆಬಿಲೈಸರ್, ಹೆದೆ ಬಿಡುವ ರಿಲೀಸ್, ಒಂದು ಡಜನ್ ಬಾಣಗಳು, ಪೆಟ್ಟಿಗೆ ಇವೆಲ್ಲ ಸೇರಿದಾಗ ಮೊತ್ತ 3,000 ಡಾಲರ್ ಮುಟ್ಟಿದರೂ ಆಶ್ಚರ್ಯವಿಲ್ಲ. ಮನೆಯಲ್ಲಿ ಚರ್ಚೆ ಆರಂಭವಾಗುವುದು ಆಗಲೇ.

ವೈದ್ಯವೃತ್ತಿಯಲ್ಲಿದ್ದುಕೊಂಡು ಸಂಘದ ಸೇವೆಯಲ್ಲಿ ತೊಡಗಿರುವ ನಾವು ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇವೆ. ಬೆಳವಣಿಗೆ ನಿಂತ ದೇಹಕ್ಕೆ, ಅಭ್ಯಾಸ ನೆಲೆಗೊಂಡ ಕೈಗೆ ದುಬಾರಿ ಬಿಲ್ಲು ಯೋಗ್ಯವಾದ ಖರೀದಿ. ಇನ್ನೂ ಬೆಳೆಯುತ್ತಿರುವ ಮಗುವಿಗೆ ಅದು ಯೋಗ್ಯವಲ್ಲ. ತಂದೆತಾಯಿಯರಿಗೆ ಹಣವಿದೆಯೋ ಇಲ್ಲವೋ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಮೊದಲನೆಯದು ಮಗುವಿನ ಭುಜದ ಪ್ರಶ್ನೆ.

ಇದು ಅರ್ಥವಾಗಬೇಕಾದರೆ ಕಾಂಪೌಂಡ್ ಬಿಲ್ಲು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಮಿಸ್ಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಎಂಬವರು 1960ರ ದಶಕದಲ್ಲಿ ರೂಪಿಸಿದ ಈ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ದೊರೆಯಿತು. ನಮ್ಮ ಪುರಾಣಗಳ ಬಿಲ್ಲಿನಲ್ಲಾಗಲಿ, ಇಂದಿನ ರಿಕರ್ವ್ ಬಿಲ್ಲಿನಲ್ಲಾಗಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತಾ ಹೋಗುತ್ತದೆ. ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುತ್ತವೆ. ಅವುಗಳ ಆಕಾರ ಪೂರ್ಣ ವೃತ್ತವಲ್ಲ. ಎಳೆಯುವಾಗ ಭಾರ ಬೇಗನೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಎಳೆತದ ಕೊನೆಯಲ್ಲಿ ಗಾಲಿಗಳು ಹೊರಳಿದಾಗ ಥಟ್ಟನೆ ಇಳಿಯುತ್ತದೆ. ಈ ಇಳಿಕೆಯೇ ಲೆಟ್-ಆಫ್. 50 ಪೌಂಡ್ ಎಳೆತದ ಬಿಲ್ಲಿಗೆ ಶೇಕಡಾ 80ರಷ್ಟು ಲೆಟ್-ಆಫ್ ಇದ್ದರೆ, ಪೂರ್ತಿ ಎಳೆದ ಮೇಲೆ ಕೈ ತಡೆಯಬೇಕಾದದ್ದು ಕೇವಲ 10 ಪೌಂಡ್. ಆದ್ದರಿಂದಲೇ ಗುರಿಯನ್ನು ನೆಮ್ಮದಿಯಿಂದ ನೋಡಲು ಸಾಧ್ಯವಾಗುತ್ತದೆ.

ಆದರೆ ಈ ಸೌಲಭ್ಯ ದೊರೆಯುವುದು ಒಂದು ನಿಶ್ಚಿತ ಬಿಂದುವಿನಲ್ಲಿ ಮಾತ್ರ. ಹೆದೆಯನ್ನು ಎಲ್ಲಿಯವರೆಗೆ ಎಳೆಯಬೇಕೆಂಬುದನ್ನು ರಿಕರ್ವ್ ಬಿಲ್ಲಿನಲ್ಲಿ ಬಿಲ್ಲುಗಾರರ ತೋಳು ನಿರ್ಧರಿಸುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಬಿಲ್ಲೇ ನಿರ್ಧರಿಸುತ್ತದೆ. ಇದನ್ನು ಎಳೆತದ ಉದ್ದ ಎನ್ನುತ್ತಾರೆ. ಎರಡೂ ತೋಳುಗಳನ್ನು ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಹರವನ್ನು 2.5ರಿಂದ ಭಾಗಿಸಿದರೆ ಅದರ ಸ್ಥೂಲ ಅಂದಾಜು ಸಿಗುತ್ತದೆ. ದುಬಾರಿ ಬಿಲ್ಲಿನಲ್ಲಿ ಈ ಅಳತೆಯನ್ನು ಅರ್ಧ ಇಂಚು ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ಹೊಂದಿಸುತ್ತಾರೆ. ಅಂದರೆ ಅದು ಒಬ್ಬ ವ್ಯಕ್ತಿಯ ಮೈಯಳತೆಗೆ ಹೊಲಿಸಿದ ಉಡುಪಿನಂತೆ.

ಇಲ್ಲಿಯೇ ನಮ್ಮ ಹಳೆಯ ಅಭ್ಯಾಸವೊಂದು ಅಡ್ಡಬರುತ್ತದೆ. ಊರಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಸುವಾಗ ನಮ್ಮ ಹಿರಿಯರು ದರ್ಜಿಗೆ, "ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದಾಗಿಯೇ ಹೊಲಿಯಪ್ಪ, ಕೆಳಗೆ ಮಡಿಕೆ ಬಿಡು" ಎಂದು ಹೇಳುತ್ತಿದ್ದುದನ್ನು ನಾವೆಲ್ಲರೂ ಕೇಳಿದ್ದೇವೆ. ಮಿತವ್ಯಯದ ಆ ಬುದ್ಧಿಯೇ ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಅದನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಅಂಗಿ ದೊಡ್ಡದಾದರೆ ಜೋಲುತ್ತದೆ, ಅಷ್ಟೆ. ಬಿಲ್ಲು ದೊಡ್ಡದಾದರೆ ದೇಹವೇ ಅದಕ್ಕೆ ಹೊಂದಿಕೊಳ್ಳಲು ಹೊರಡುತ್ತದೆ. ಎಳೆತದ ಉದ್ದ ಒಂದೆರಡು ಇಂಚು ಹೆಚ್ಚಾದಾಗ ಮಗು ಬೆನ್ನನ್ನು ಹಿಂದಕ್ಕೆ ಬಾಗಿಸುತ್ತದೆ, ಬಿಲ್ಲು ಹಿಡಿದ ಕೈಯ ಮೊಣಕೈಯನ್ನು ಬಿಗಿಯಾಗಿ ನೆಟ್ಟಗಾಗಿಸುತ್ತದೆ, ಮುಖವನ್ನು ಹೆದೆಯತ್ತ ತಿರುಗಿಸುತ್ತದೆ. ಹೆದೆ ಮುಂಗೈಗೆ ಬಡಿಯತೊಡಗುತ್ತದೆ. ನೂರಾರು ಬಾರಿ ಹೀಗೆ ಎಳೆದ ಮೇಲೆ ಆ ತಪ್ಪು ಭಂಗಿಯೇ ಅಭ್ಯಾಸವಾಗುತ್ತದೆ. ಅದನ್ನು ಬಿಡಿಸುವ ಕೆಲಸ ಹೊಸದಾಗಿ ಕಲಿಸುವುದಕ್ಕಿಂತ ಕಷ್ಟವಾದುದು.

ಸರಿಯಾದ ಅಳತೆಯ ಬಿಲ್ಲನ್ನೇ ಕೊಂಡರೆ? ಆಗ ಮತ್ತೊಂದು ಲೆಕ್ಕ ಎದುರಾಗುತ್ತದೆ. ಸಾಮಾನ್ಯವಾಗಿ ಹುಡುಗಿಯರು 11–12ರ ಸುಮಾರಿಗೆ, ಹುಡುಗರು 13–14ರ ಸುಮಾರಿಗೆ ಅತಿ ವೇಗವಾಗಿ ಬೆಳೆಯುತ್ತಾರೆ. ಆ ಅವಧಿಯಲ್ಲಿ ಎತ್ತರ ಒಂದೇ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಏರುವುದು ಸಹಜ. ತೋಳುಗಳ ಹರವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಹರವು 10 ಸೆಂಟಿಮೀಟರ್ ಹೆಚ್ಚಿದರೆ ಎಳೆತದ ಉದ್ದ 4 ಸೆಂಟಿಮೀಟರ್, ಎಂದರೆ ಸುಮಾರು ಒಂದೂವರೆ ಇಂಚು ಹೆಚ್ಚಬೇಕು. ಅರ್ಧ ಇಂಚಿನ ಲೆಕ್ಕದಲ್ಲಿ ಹೊಂದಿಸಿದ ಬಿಲ್ಲಿಗೆ ಇದು ಬಹು ದೊಡ್ಡ ಬದಲಾವಣೆ. ಬಾಣಗಳೂ ಗಿಡ್ಡವಾಗುತ್ತವೆ, ಗಿಡ್ಡವಾದ ಬಾಣ ಪೂರ್ತಿ ಎಳೆದಾಗ ರೆಸ್ಟಿನಿಂದ ಹಿಂದಕ್ಕೆ ಜಾರಿ ಕೈಗೆ ನಾಟುವ ಅಪಾಯವಿದೆ. ಇದು ಹಣದ ವ್ಯರ್ಥವಷ್ಟೇ ಅಲ್ಲ.

ಸೋಜಿಗವೆಂದರೆ, ಹಿರಿಯರು ದರ್ಜಿಗೆ ಹೇಳುತ್ತಿದ್ದ ಆ ಮಡಿಕೆ ಇರುವುದು ಕಡಿಮೆ ಬೆಲೆಯ ಬಿಲ್ಲಿನಲ್ಲಿಯೇ. 300ರಿಂದ 500 ಡಾಲರಿಗೆ ಸಿಗುವ, ಬೆಳೆಯುವ ಮಕ್ಕಳಿಗಾಗಿಯೇ ಮಾಡಿದ ಕೆಲವು ಬಿಲ್ಲುಗಳಲ್ಲಿ ಎಳೆತದ ಉದ್ದವನ್ನು ಹತ್ತು ಇಂಚಿಗೂ ಮಿಕ್ಕಿ ಬದಲಿಸಬಹುದು. ಎಳೆತದ ಭಾರವನ್ನು ಮಗುವಿನ ಕೈಗೆ ಸಲ್ಲುವ ಮಟ್ಟದಿಂದ ವಯಸ್ಕರ ಮಟ್ಟದವರೆಗೆ ಏರಿಸಬಹುದು. ದುಬಾರಿ ಬಿಲ್ಲಿನಲ್ಲಿ ಭಾರವನ್ನು ಸಾಮಾನ್ಯವಾಗಿ ಗರಿಷ್ಠಕ್ಕಿಂತ ಹತ್ತು ಪೌಂಡಿನಷ್ಟು ಮಾತ್ರ ಇಳಿಸಲು ಬರುತ್ತದೆ. ಹೆಚ್ಚು ಹಣ ತೆತ್ತು ನಾವು ಪಡೆಯುವುದು ನಿಖರತೆಯನ್ನು; ಕಳೆದುಕೊಳ್ಳುವುದು ಹೊಂದಿಕೆಯನ್ನು. ಬೆಳೆಯುವ ಮಗುವಿಗೆ ಬೇಕಾದುದು ಎರಡನೆಯದು.

ಶಾಲೆಗಳಲ್ಲಿ ಬಿಲ್ವಿದ್ಯೆ ಕಲಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು 2002ರಲ್ಲಿ ಕೆಂಟಕಿ ರಾಜ್ಯದಲ್ಲಿ ಆರಂಭವಾಗಿ ದೇಶದಾದ್ಯಂತ ಹರಡಿದೆ. ಅಲ್ಲಿ ಎಲ್ಲ ಮಕ್ಕಳೂ ಬಳಸುವುದು ಜೆನೆಸಿಸ್ ಎಂಬ ಒಂದೇ ಬಗೆಯ ಬಿಲ್ಲನ್ನು. ಅದರ ಎಳೆತ 10ರಿಂದ 20 ಪೌಂಡ್, ಬೆಲೆ ಸುಮಾರು 200 ಡಾಲರ್. ಅದರಲ್ಲಿ ಲೆಟ್-ಆಫ್ ಇಲ್ಲ. ಆದ್ದರಿಂದ ನಿಶ್ಚಿತ ಬಿಂದುವೂ ಇಲ್ಲ, ಒಂದೇ ಬಿಲ್ಲು ನಾಲ್ಕನೆಯ ತರಗತಿಯ ಮಗುವಿಗೂ ಹನ್ನೆರಡನೆಯ ತರಗತಿಯವರಿಗೂ ಸಲ್ಲುತ್ತದೆ. ಸ್ಪರ್ಧೆಯ ಗುರಿ 10 ಮತ್ತು 15 ಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಮೊದಲ ಸ್ಥಾನ ಪಡೆದ ಮಗುವಿನ ಕೈಯಲ್ಲಿಯೂ ಕೊನೆಯ ಸ್ಥಾನದ ಮಗುವಿನ ಕೈಯಲ್ಲಿಯೂ ಇರುವುದು ಅದೇ ಬಿಲ್ಲು ಎಂಬುದನ್ನು ನಾವು ಗಮನಿಸಬೇಕು.

ಇನ್ನು ಭಾರದ ವಿಷಯ. ಬಿಲ್ಲುಗಾರರಲ್ಲಿ ಹೆಚ್ಚಾಗಿ ಕಂಡುಬರುವ ತೊಂದರೆ ಭುಜದ್ದು. ಬಹುಪಾಲು ಅದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಬರುವಂಥದು. ಭುಜದ ಕೀಲನ್ನು ಸುತ್ತುವರಿದು ಹಿಡಿದಿರುವ ರೊಟೇಟರ್ ಕಫ್ ಎಂಬ ಸ್ನಾಯುಗಳ ಗುಂಪು ದಣಿದಾಗ ಸ್ನಾಯುರಜ್ಜುಗಳು ಮೂಳೆಗಳ ನಡುವೆ ಉಜ್ಜಿ ಉರಿಯೂತ ಉಂಟಾಗುತ್ತದೆ. ಬೆಳೆಯುವ ಮಕ್ಕಳ ಮೂಳೆಗಳ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರಗಳಿರುತ್ತವೆ. ಅತಿಯಾದ ಎಳೆತವನ್ನು ಅವು ಸಹಿಸಲಾರವು. ಲೆಟ್-ಆಫ್ ಇದೆಯಲ್ಲ ಎಂಬ ಸಮಾಧಾನವೂ ಪೂರ್ಣ ಸರಿಯಲ್ಲ. ಆ ಬಿಂದುವನ್ನು ಮುಟ್ಟುವ ಮೊದಲು ಪೂರ್ತಿ ಭಾರವನ್ನು ದಾಟಲೇಬೇಕು. ಬಾಣ ಬಿಡದೆ ಹೆದೆಯನ್ನು ಮರಳಿ ಇಳಿಸುವಾಗ ಆ ಭಾರ ಒಮ್ಮೆಲೇ ಹಿಂದಿರುಗಿ ತೋಳನ್ನು ಸೆಳೆಯುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬಾಣ ಹೂಡಿ, ಸುರಕ್ಷಿತ ಗುರಿಯ ಎದುರಿನಲ್ಲಿ, ಮಗು ಕುರ್ಚಿಯ ಮೇಲೆ ಕುಳಿತು ಹೆದೆಯನ್ನು ನೇರವಾಗಿ, ನಿಧಾನವಾಗಿ ಎಳೆಯಲಿ. ಬಿಲ್ಲನ್ನು ಆಕಾಶದತ್ತ ಎತ್ತಿ ಜಗ್ಗಬೇಕಾಗಿ ಬಂದರೆ ಆ ಬಿಲ್ಲು ಭಾರವಾಯಿತೆಂದೇ ಅರ್ಥ. ಬಾಣವಿಲ್ಲದೆ ಹೆದೆಯನ್ನು ಎಂದಿಗೂ ಬಿಡಬಾರದು. ಬಾಣ ಹೊತ್ತೊಯ್ಯಬೇಕಾದ ಶಕ್ತಿ ಬಿಲ್ಲಿಗೇ ಬಡಿದು ಅದು ಸಿಡಿಯಬಹುದು. ರಾತ್ರಿ ನಿದ್ದೆ ಕೆಡಿಸುವ ಭುಜನೋವು, ಕೈ ಮೇಲೆತ್ತಲು ಕಷ್ಟ, ಬೆರಳುಗಳಲ್ಲಿ ಜೋಮು ಕಾಣಿಸಿಕೊಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅಂತರರಾಷ್ಟ್ರೀಯ ಕಾಂಪೌಂಡ್ ಸ್ಪರ್ಧೆಗಳಲ್ಲಿಯೇ ಗರಿಷ್ಠ ಮಿತಿ 60 ಪೌಂಡ್. ಗುರಿಯ ಕಾಗದವನ್ನು ಭೇದಿಸಲು ಮಕ್ಕಳು ಪೌಂಡುಗಳ ಪೈಪೋಟಿಗೆ ಇಳಿಯಬೇಕಾದ ಅಗತ್ಯವೇ ಇಲ್ಲ.

ದೇಹದ ಮಾತಿನ ಜೊತೆಗೆ ಮನಸ್ಸಿನ ಮಾತನ್ನೂ ಹೇಳಬೇಕು. ಹದಿಹರೆಯದ ಆಸಕ್ತಿಗಳು ಬದಲಾಗುತ್ತವೆ, ಬದಲಾಗಬೇಕು. 200 ಡಾಲರಿನ ಬಿಲ್ಲನ್ನು ಬದಿಗಿಟ್ಟು ಚದುರಂಗಕ್ಕೋ ಮೃದಂಗಕ್ಕೋ ಹೋಗುವ ಮಗು ನಿರಾಳವಾಗಿ ಹೋಗುತ್ತದೆ. 3,000 ಡಾಲರಿನ ಬಿಲ್ಲು ಗೋಡೆಯ ಮೇಲಿದ್ದರೆ "ಅಪ್ಪಾ, ನನಗೆ ಇದು ಸಾಕು" ಎಂದು ಹೇಳಲು ಅದಕ್ಕೆ ಬಾಯಿ ಬರುವುದಿಲ್ಲ. ನಾವು ಪ್ರೀತಿಯಿಂದ ತೆತ್ತ ಹಣ ಮಗುವಿನ ಲೆಕ್ಕದಲ್ಲಿ ಸಾಲವಾಗಿ ಕುಳಿತಿರುತ್ತದೆ. ಭುಜ ನೋಯುತ್ತಿದೆ ಎಂಬುದನ್ನು ಕೂಡ ಮಕ್ಕಳು ಈ ಸಂಕೋಚದಿಂದಲೇ ಮುಚ್ಚಿಡಬಹುದು. ವೈದ್ಯರಾಗಿ ನಮಗೆ ಅತಿ ಕಳವಳ ಉಂಟುಮಾಡುವ ಸಂಗತಿ ಇದೇ.

ಕಾಲೇಜು ಪ್ರವೇಶದ ಆಸೆಯಿಂದ ಈ ಖರ್ಚು ಮಾಡುವವರಿಗೂ ಒಂದು ಮಾತು. ಬಿಲ್ವಿದ್ಯೆ ಎನ್‌ಸಿಎಎ ಚಾಂಪಿಯನ್‌ಷಿಪ್ ಕ್ರೀಡೆಗಳ ಪಟ್ಟಿಯಲ್ಲಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅದು ವಿದ್ಯಾರ್ಥಿ ಕ್ಲಬ್ಬಿನ ಚಟುವಟಿಕೆ. ವಿದ್ಯಾರ್ಥಿವೇತನ ನೀಡುವ ಕಾಲೇಜುಗಳು ಕೆಲವೇ ಕೆಲವು. ಒಲಿಂಪಿಕ್ಸ್‌ನ ವೈಯಕ್ತಿಕ ಪದಕದ ಕನಸಿದ್ದರೆ ಅದು ಈಗಲೂ ರಿಕರ್ವ್ ಬಿಲ್ಲಿಗೆ ಮೀಸಲು. ಬಿಲ್ಲು ಹಿಡಿಯುವುದು ಮಗುವಿಗೆ ಇಷ್ಟ ಎಂಬುದೊಂದೇ ಇದಕ್ಕೆ ಸಾಕಷ್ಟು ಕಾರಣವಾಗಬೇಕು.

ಮಕ್ಕಳೊಡನೆ ತಾವೂ ಬಿಲ್ಲು ಹಿಡಿಯಬಯಸುವ ನಮ್ಮ ವಯಸ್ಸಿನವರ ಮಾತು ಬೇರೆ. ನಲವತ್ತು ದಾಟಿದವರ ಎಳೆತದ ಉದ್ದ ಬದಲಾಗುವುದಿಲ್ಲ. ಉತ್ತಮ ಬಿಲ್ಲನ್ನು ಒಮ್ಮೆ ಕೊಂಡರೆ ಹಲವು ವರ್ಷ ಬಾಳುತ್ತದೆ. ಆದರೆ ದಿನವಿಡೀ ಕಂಪ್ಯೂಟರಿನ ಮುಂದೆ ಬಾಗಿದ ಭುಜಗಳು ಅದಕ್ಕೆ ಸಿದ್ಧವಾಗಿರುವುದಿಲ್ಲ. ಮಧುಮೇಹ ಇರುವವರಲ್ಲಿ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚು ಸಾಮಾನ್ಯ. ನಮ್ಮ ಸಮುದಾಯದಲ್ಲಿ ಮಧುಮೇಹ ಎಷ್ಟು ವ್ಯಾಪಕವೆಂಬುದನ್ನು ವಿವರಿಸಬೇಕಾಗಿಲ್ಲ. ಅಂಥವರು ಮೊದಲ ಕೆಲವು ತಿಂಗಳು ಕ್ಲಬ್ಬಿನ ಹಗುರ ಬಿಲ್ಲಿನಲ್ಲಿಯೇ ಅಭ್ಯಾಸ ಮಾಡುವುದು ಲೇಸು.

ಹಾಗಾದರೆ ಯಾವಾಗ ಕೊಳ್ಳಬೇಕು? ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದಾಗ. ಮೊದಲನೆಯದು, ಕಳೆದ ಒಂದು ವರ್ಷದಲ್ಲಿ ಎಳೆತದ ಉದ್ದ ಬದಲಾಗದೆ ಉಳಿದಿದೆಯೇ? ಎರಡನೆಯದು, ಈಗಿನ ಬಿಲ್ಲೇ ಪ್ರಗತಿಗೆ ತಡೆಯಾಗಿದೆ ಎಂದು ಮಾರಾಟದವರಲ್ಲ, ತರಬೇತುದಾರರು ಹೇಳುತ್ತಿದ್ದಾರೆಯೇ? ಮೂರನೆಯದು, ಹೆದೆ ಮತ್ತು ಕೇಬಲ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಿ ಹೊಂದಿಸಿಕೊಡುವ, ಅದಕ್ಕೆ ಬೇಕಾದ ಬೋ ಪ್ರೆಸ್ ಯಂತ್ರವಿರುವ ಅಂಗಡಿ ಹತ್ತಿರದಲ್ಲಿದೆಯೇ? ಮೂರಕ್ಕೂ ಹೌದೆಂದಾದರೆ ಹಿಂಜರಿಯದೆ ಕೊಳ್ಳಿರಿ. ಅಂಥ ಬಿಲ್ಲಿನ ಸ್ಥಿರತೆಯೂ ನಯವೂ 50 ಮೀಟರ್ ದೂರದ ಗುರಿಯ ಮುಂದೆ ನಿಂತವರಿಗೆ ನಿಜವಾಗಿ ತಿಳಿಯುತ್ತವೆ. ಹಿಂದಿನ ವರ್ಷದ ಮಾದರಿಯನ್ನೋ, ಬಿರುಕುಗಳಿಲ್ಲವೆಂದು ಬಲ್ಲವರು ಪರೀಕ್ಷಿಸಿದ ಹಳೆಯ ಬಿಲ್ಲನ್ನೋ ಆರಿಸಿಕೊಂಡರೆ ಸಾಕಷ್ಟು ಉಳಿತಾಯವಾಗುತ್ತದೆ.

ಅಲ್ಲಿಯವರೆಗೆ ಸಾಧಾರಣ ಬಿಲ್ಲು ಸಾಕು. ಉಳಿದ ಹಣದ ಒಂದು ಭಾಗ ಉತ್ತಮ ತರಬೇತಿಗೆ ಸಲ್ಲಲಿ. ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ಮಕ್ಕಳಿಗೆ ಚಿಕ್ಕದಾದ ಬಿಲ್ಲುಗಳು ಸುಮ್ಮನೆ ಬಿದ್ದಿರುತ್ತವೆ. ಯುಗಾದಿಯ ಹೊಸ ಬಟ್ಟೆ ಅಣ್ಣನಿಂದ ತಮ್ಮನಿಗೆ ಇಳಿದು ಬಂದಂತೆ, ಅವು ಒಂದು ಕುಟುಂಬದಿಂದ ಇನ್ನೊಂದಕ್ಕೆ ಸಾಗುವ ವ್ಯವಸ್ಥೆಯನ್ನು ನಮ್ಮ ಸಂಘದಲ್ಲಿಯೇ ಮಾಡಿಕೊಳ್ಳಬಹುದಲ್ಲವೇ? ಆಸಕ್ತರು ಮುಂದಿನ ಸಭೆಯಲ್ಲಿ ಈ ಕುರಿತು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ.