ಪರೀಕ್ಷೆ ಮೊದಲು, ಕಷಾಯ ಆಮೇಲೆ

ಉಗಾರ ಬುದ್ರುಕದ ಹಿರಿಯರೇ, ತಾಯಂದಿರೇ, ಆಸ್ಪತ್ರೆಗೆಂದು ಮಿರಜ, ಸಾಂಗ್ಲಿಗೆ ಅಲೆದು ಬಲ್ಲ ಅಣ್ಣತಮ್ಮಂದಿರೇ,

ನಮ್ಮ ಹೊಲದ ಬದುವಿನಲ್ಲಿ ನೆಗ್ಗಿನ ಮುಳ್ಳು ನೆಲಕ್ಕಂಟಿ ಹಬ್ಬುತ್ತದೆ. ಹಳದಿ ಹೂವು, ಬರಿಗಾಲಿಗೆ ನೆಟ್ಟುಕೊಳ್ಳುವ ಕಾಯಿ. ಆ ಕಾಯಿ ಕುಟ್ಟಿ ಕಷಾಯ ಕಾಸಿದ, ಮೂತ್ರದ ಹರಳಿಗೆಂದು ಹುರುಳಿ ಕಟ್ಟು ಕುಡಿಸಿದ ಅಜ್ಜಿಯರ ತಿಳಿವಳಿಕೆಯನ್ನು ನಾನು ಹಗುರಾಗಿ ಕಾಣುವವನಲ್ಲ. ಗೋಕ್ಷುರ, ಪುನರ್ನವ, ವರುಣದ ತೊಗಟೆ ಆಯುರ್ವೇದದಲ್ಲಿ ಶತಮಾನಗಳಿಂದ ಬಳಕೆಯಲ್ಲಿವೆ. ಜನರ ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು, ‘ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’ ಎಂದು ಹೆಸರಿಲ್ಲದ ಪುಡಿ ಮಾರುವವರ ಮೇಲೆ ನನ್ನ ಸಿಟ್ಟು. ಇಂಥ ಜಾಹೀರಾತನ್ನು 1954ರಲ್ಲೇ ಕಾನೂನು ನಿಷೇಧಿಸಿದೆ. ಆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಮೂತ್ರಪಿಂಡದ ಹರಳೂ ಇದೆ, ಪ್ರಾಸ್ಟೇಟ್ ತೊಂದರೆಯೂ ಇದೆ.

ಗಿಡಮೂಲಿಕೆ ಎಂದಮೇಲೆ ಅಪಾಯವಿಲ್ಲ ಎನ್ನುವ ಮಾತು ಸುಳ್ಳು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಕರಗಿಸುವ ಗುಳಿಗೆಯಲ್ಲಿ ಒಂದು ಮೂಲಿಕೆಯ ಬದಲು ಇನ್ನೊಂದು ಸೇರಿಹೋಯಿತು. ನೂರಕ್ಕೂ ಹೆಚ್ಚು ಜನರ, ಬಹುಪಾಲು ಹೆಂಗಸರ, ಮೂತ್ರಪಿಂಡ ಹಾಳಾದವು. ಆ ವಿಷದ ಗಿಡ ನಮ್ಮ ಈಶ್ವರಿ ಬೇರಿನ ಕುಲದ್ದೇ. ಭಸ್ಮ ಬೆರೆತ ಪುಡಿಗಳಲ್ಲಿ ಪಾದರಸ, ಸೀಸ ಸಿಕ್ಕಿದ್ದನ್ನೂ ಪರೀಕ್ಷೆಗಳು ತೋರಿಸಿವೆ.

ಮೂತ್ರಪಿಂಡ ಸುಲಭಕ್ಕೆ ನೋವು ಹೇಳಿಕೊಳ್ಳುವ ಅಂಗವಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಕಾಣುವ ಹೊತ್ತಿಗೆ ಅದರ ಶಕ್ತಿ ಅರ್ಧದಷ್ಟು ಹೋಗಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು, ಮೈಕೈ ನೋವಿಗೆಂದು ದಿನವೂ ಗುಳಿಗೆ ನುಂಗುವವರು ಕಾಯುತ್ತ ಕೂಡಬಾರದು. ಮೂತ್ರಪಿಂಡ ಸೋತವರಿಗೆ ಎಳನೀರು ಕೂಡ ಅಪಾಯ ತರಬಲ್ಲದು, ಅದರ ಪೊಟ್ಯಾಸಿಯಂ ಮೈಯಿಂದ ಸರಿಯಾಗಿ ಹೊರಹೋಗುವುದಿಲ್ಲ.

ಇನ್ನು ಗಂಡಸರ ಗುಟ್ಟು. ಐವತ್ತು ದಾಟಿದ ಮೇಲೆ ಹಲವರಿಗೆ ಪ್ರಾಸ್ಟೇಟ್ ಗ್ರಂಥಿ ಬೆಳೆಯುತ್ತದೆ. ರಾತ್ರಿ ನಾಲ್ಕು ಸಲ ಏಳುತ್ತಾರೆ, ಮೂತ್ರ ಹನಿಹನಿಯಾಗುತ್ತದೆ. ‘ವಯಸ್ಸಾತು, ಇದೆಲ್ಲಾ ಇರೂದ’ ಎಂದು ಹೆಂಡತಿಗೂ ಹೇಳದೆ ಚೂರ್ಣ ತರಿಸುತ್ತಾರೆ. ಕಟ್ಟಿನಿಂತ ಮೂತ್ರ ಹಿಂದಕ್ಕೊತ್ತಿ ಮೂತ್ರಪಿಂಡವನ್ನೇ ಕೆಡಿಸಬಹುದು. ಸಾಮಾನ್ಯ ಊತಕ್ಕೂ ಕ್ಯಾನ್ಸರಿಗೂ ಲಕ್ಷಣ ಒಂದೇ ಇರಬಹುದು. ಇವೆರಡನ್ನು ಬೇರೆ ಮಾಡಿ ತಿಳಿಯಲು ವೈದ್ಯರ ತಪಾಸಣೆ, ಪಿಎಸ್‌ಎ ರಕ್ತಪರೀಕ್ಷೆ ಬೇಕು. ಅಮೆರಿಕದಲ್ಲಿ ಈ ಊತಕ್ಕೆಂದು ಬಲು ಮಾರಾಟವಾಗುವ ಸಾ ಪಾಲ್ಮೆಟ್ಟೊ ಎಂಬ ಮೂಲಿಕೆಯನ್ನು ಮೂರು ಪಟ್ಟು ಕೊಟ್ಟು ನೋಡಿದರೂ ಬರೀ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ ಎಂದು 2011ರ ಪ್ರಯೋಗ ಹೇಳಿತು.

ಕಬ್ಬಿನ ಸೀಮೆಯವರಿಗೆ ಇನ್ನೊಂದು ಮಾತು. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡೋರ್‌ಗಳಲ್ಲಿ ಕಬ್ಬು ಕಡಿಯುವ ಸಾವಿರಾರು ಕೂಲಿಕಾರರು ಮೂತ್ರಪಿಂಡ ಸೋತು ಸತ್ತರು. ಸುಡುಬಿಸಿಲ ದುಡಿಮೆ, ನೀರಿನ ಕೊರತೆ ಅದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ನಂಬುತ್ತಾರೆ. ಹಂಗಾಮಿನಲ್ಲಿ ನಮ್ಮ ಕಬ್ಬಿನ ಫಡದಲ್ಲಿ ದುಡಿಯುವವರಿಗೂ ಅದೇ ಒಡಲು. ಮುಕಾದಮರೇ, ಹೊಲದ ಒಡೆಯರೇ, ಸಕ್ಕರೆ ಕಾರ್ಖಾನೆಯವರೇ, ಅವರಿಗೆ ಕುಡಿಯುವ ನೀರು, ನೆರಳು, ನಡುನಡುವೆ ಬಿಡುವು ಕೊಡಿ. ಯಾವ ಕಷಾಯವೂ ಇದರ ಬದಲಿಗೆ ಬಾರದು.

ಔಷಧದಂಗಡಿಯವರೇ, ತಯಾರಕರ ವಿಳಾಸವಿಲ್ಲದ, ಪರವಾನಗಿ ಸಂಖ್ಯೆಯಿಲ್ಲದ ಪೊಟ್ಟಣವನ್ನು ಅಂಗಡಿಯಲ್ಲಿಡಬೇಡಿ. ಆಯುರ್ವೇದ ವೈದ್ಯರೇ, ನಿಮ್ಮ ವಿದ್ಯೆಯ ಮಾನ ಕಳೆಯುವವರ ವಿರುದ್ಧ ಮೊದಲ ದನಿ ನಿಮ್ಮದಾಗಲಿ. ಮಕ್ಕಳೇ, ಅಪ್ಪ ರಾತ್ರಿ ಎಷ್ಟು ಸಲ ಎದ್ದರೆಂದು ಕೇಳಿ. ನಾಚಿಕೆ ಪಡದೆ ಕೇಳಿ, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿಯುತ್ತಿರುವ ಕಷಾಯದ ಹೆಸರನ್ನು ವೈದ್ಯರಿಂದ ಮುಚ್ಚಿಡಬೇಡಿ. ಈ ವಾರವೇ ಮನೆಯ ಹಿರಿಯರ ರಕ್ತ, ಮೂತ್ರ ಪರೀಕ್ಷೆ ಮಾಡಿಸಿರಿ.