ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬುದು ನಮ್ಮ ಹಿರಿಯರ ಗಾದೆ. ಆ ಕಾಲದ ಸುಂಕದವನಿಗೆ ಕರುಣೆ ಇಲ್ಲದಿದ್ದರೂ ಕಿವಿಯಾದರೂ ಇತ್ತು. ಈಗ ಆ ಜಾಗದಲ್ಲಿ ಯಂತ್ರ ಬಂದು ಕುಳಿತಿದೆ. ಅದು ಕೆಟ್ಟ ದಿನ ದಂಡ ತೆರಬೇಕಾದವರು ಯಾರು?

ರಾಮನಗರ, ಚನ್ನಪಟ್ಟಣಗಳ ಮಗ್ಗುಲಲ್ಲಿ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ 2023ರ ಮಾರ್ಚ್ 12ರಂದು ನಡೆಯಿತು. ಎರಡೇ ದಿನದಲ್ಲಿ ಟೋಲ್ ವಸೂಲಿಯೂ ಮೊದಲಾಯಿತು. ಕನಕಪುರ, ಮಾಗಡಿ ಕಡೆಯ ಗಾಡಿಗಳ ಗಾಜಿಗೂ ಇಂದು ಫಾಸ್ಟ್ಯಾಗ್ ಅಂಟಿಕೊಂಡಿದೆ. ಟ್ಯಾಗ್ ಇಲ್ಲದವನಿಗೆ ಎರಡು ಪಟ್ಟು ಸುಂಕವೆಂಬ ನಿಯಮ 2021ರ ಫೆಬ್ರವರಿಯಲ್ಲಿ ಎಲ್ಲೆಡೆ ಬಿಗಿಯಾಯಿತು. 2025ರ ನವೆಂಬರ್ 15ರ ತಿದ್ದುಪಡಿ, ಯು.ಪಿ.ಐ. ಮೂಲಕ ಕೊಡುವವರಿಗೆ ಅದನ್ನು ಒಂದೂಕಾಲು ಪಟ್ಟಿಗೆ ಇಳಿಸಿತು. ಇದಿಷ್ಟೂ ಚಾಲಕರಿಗೆಲ್ಲ ಬಾಯಿಪಾಠ.

ಆದರೆ 2018ರ ಮೇ 7ರ ಕೇಂದ್ರ ಸರ್ಕಾರದ ಅಧಿಸೂಚನೆಯನ್ನು ಬಲ್ಲವರೆಷ್ಟು ಮಂದಿ? ಟ್ಯಾಗ್ ಸರಿಯಿದ್ದು, ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಕಟ್ಟೆಯ ಯಂತ್ರದ ದೋಷದಿಂದ ಪಾವತಿ ಆಗದಿದ್ದರೆ, ಆ ವಾಹನವನ್ನು ಸುಂಕವಿಲ್ಲದೆಯೇ ಬಿಡಬೇಕು. ಶೂನ್ಯ ಮೊತ್ತದ ರಶೀದಿಯನ್ನೂ ಕೊಡಬೇಕು. ದರದ ಪಟ್ಟಿಯನ್ನು ಆಳೆತ್ತರದ ಹಲಗೆಯಲ್ಲಿ ಬರೆಸುವವರು ಈ ಮಾತನ್ನೂ ಅದೇ ಗಾತ್ರದ ಕನ್ನಡ ಅಕ್ಷರಗಳಲ್ಲಿ ಬರೆಸಬೇಕೆಂಬುದು ನನ್ನ ವಾದ.

ನನ್ನ ಸೋದರಮಾವ ರೇಷ್ಮೆಗೂಡು ಸಾಗಿಸುವ ಗಾಡಿ ಓಡಿಸುತ್ತಾರೆ. ಕಳೆದ ವರ್ಷ ಒಂದು ಟೋಲ್‌ನಲ್ಲಿ (ಹೆಸರು ಬೇಡ) ಯಂತ್ರ ಟ್ಯಾಗನ್ನು ಓದಲಿಲ್ಲ. ಹಿಂದೆ ಹಾರನ್ನುಗಳ ಗದ್ದಲ. ಹರಾಜಿನ ಹೊತ್ತಿಗೆ ಗೂಡು ಮಾರುಕಟ್ಟೆ ಸೇರಬೇಕು. ಎರಡು ಪಟ್ಟು ತೆತ್ತು ಬಂದರು. ಅದೇ ಟ್ಯಾಗನ್ನು ಅಂದು ಹಿಂದಿನ ಕಟ್ಟೆಯೂ ಓದಿತ್ತು, ಮುಂದಿನ ಕಟ್ಟೆಯೂ ಓದಿತು. ನಡುವಿನದೊಂದಕ್ಕೆ ಮಾತ್ರ ಕಾಣದಿದ್ದರೆ ಕಣ್ಣು ಕೆಟ್ಟಿದ್ದು ಯಾರದು? ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದ್ದರಿಂದ ದೂರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂದು ಇಂಗ್ಲಿಷಿನಲ್ಲಿ ಸಂದೇಶ ಬಂದಿತು. ಹಣ ಬರಲಿಲ್ಲ. ಮಾವ, "ಹೋಗಲಿ ಬಿಡಪ್ಪ, ಒಂದು ದಿನದ ಊಟದ ದುಡ್ಡು" ಎಂದರು. ಒಂದು ದಿನದ ಊಟ ಸಣ್ಣ ಮೊತ್ತವೆಂದು ನನಗಂತೂ ತೋರುವುದಿಲ್ಲ.

ಹೀಗೆ ಬಿಟ್ಟರೆ ಟ್ಯಾಗನ್ನು ತಾವೇ ಕೆಡಿಸಿಕೊಂಡವರೂ ಯಂತ್ರವನ್ನೇ ದೂರುತ್ತಾರೆ ಎಂದು ಕೆಲವರು ಹೇಳಬಹುದು. ಆ ಭಯ ಸುಳ್ಳಲ್ಲ. ಆದರೆ ಯಾವ ಗಳಿಗೆಯಲ್ಲಿ ಯಾವ ಕಟ್ಟೆ ಎಷ್ಟು ಹಣ ಕಳೆಯಿತೆಂಬುದು ಬ್ಯಾಂಕಿನ ಲೆಕ್ಕದಲ್ಲೇ ಇದೆಯಲ್ಲ! ಅದನ್ನು ನೋಡುವ ಶ್ರಮ ವಸೂಲಿ ಮಾಡುವವರದಾಗಲಿ.

ದೂರಿಗೆ 1033 ಎಂಬ ಸಂಖ್ಯೆಯಿದೆ. ಅಲ್ಲಿಯೂ ಬ್ಯಾಂಕಿನಲ್ಲಿಯೂ ನ್ಯಾಯ ಸಿಗದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಅರ್ಜಿ ಹಾಕಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮಾವನ ಅರ್ಜಿಯನ್ನು ಕನ್ನಡದಲ್ಲಿಯೇ ಬರೆದಿಟ್ಟಿದ್ದೇನೆ. ರಶೀದಿಯ ಅಕ್ಷರಗಳು ಆಗಲೇ ಮಾಸತೊಡಗಿವೆ. ಇಂಥ ರಶೀದಿ ಕೈಯಲ್ಲಿರುವವರು ಇಂದೇ ಅದರ ಜೆರಾಕ್ಸ್ ಮಾಡಿಸಿಡುವುದು ಒಳಿತು.