ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ

ಸುಮ್ಮನೆ ಒಳಗೂ ಹೊರಗೂ ಸುತ್ತುವ ಮಕ್ಕಳನ್ನು ಕಂಡರೆ ಮನೆಯ ಹಿರಿಯರು ಹೇಳುವ ಮಾತೊಂದಿದೆ: 'ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ.' ಬೈಗುಳದ ಧಾಟಿಯ ಗಾದೆಯೇ ಸರಿ. ಆದರೆ ಅದರ ಮೊದಲ ಅರ್ಧದಲ್ಲಿ ನಾಯಿಯ ಕಷ್ಟವೂ ಸೇರಿಕೊಂಡಿದೆ. ಕುರಿಮಂದೆಯ ಜೊತೆ ಊರೂರು ನಡೆದ, ರಾತ್ರಿಯಿಡೀ ಕಣ ಕಾದ, ಬೇಟೆಯವರ ಮುಂದೆ ಓಡಿದ ಪ್ರಾಣಿಗೆ ಪೇಟೆಯಲ್ಲಿ ಮಾಡಲು ಏನೂ ಉಳಿದಿಲ್ಲ. ಕಾಲಿನ ಕಸುವು ಮಾತ್ರ ಉಳಿದಿದೆ. ಅದು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಹೊರವಲಯದ ಪ್ರಾಣಿ ಆಶ್ರಯಧಾಮವೊಂದರಲ್ಲಿ ಅದು ಕಬ್ಬಿಣದ ಗೇಟಿನ ಮೇಲೆ ಹಾರುತ್ತಿತ್ತು. ಗುಂಡ ಎಂದು ಅದಕ್ಕೆ ಅಲ್ಲಿಯವರಿಟ್ಟ ಹೆಸರು. ಕಂದು ಮೈ, ಬಿಳಿ ಎದೆ, ಸುಮಾರು ಎರಡು ವರ್ಷದ ಪ್ರಾಯ, ಜಾತಿಯಲ್ಲಿ ಅಪ್ಪಟ ನಾಡುನಾಯಿ. ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಯಾರೋ ಅದನ್ನು ಗೇಟಿಗೆ ಕಟ್ಟಿ ಹೋಗಿದ್ದರು. ಕೊರಳಲ್ಲಿ ಒಳ್ಳೆಯ ಪಟ್ಟಿಯೇ ಇತ್ತು. ಎಂದರೆ ಒಂದು ಕಾಲಕ್ಕೆ ಮನೆಯೂ ಇತ್ತು. ಬೀದಿಯಲ್ಲಿ ಹುಟ್ಟಿ ಬೀದಿಯಲ್ಲೇ ಬೆಳೆದ ನಾಯಿಯನ್ನು ಸಂತಾನಹರಣ ಚಿಕಿತ್ಸೆ, ಲಸಿಕೆ ಮುಗಿಸಿ ಸಾಮಾನ್ಯವಾಗಿ ಅದೇ ಬೀದಿಗೆ ಮರಳಿ ಬಿಡಬೇಕೆಂದು 2001ರ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ ಹೇಳಿವೆ. ಹಾಗಾಗಿ ಆಶ್ರಯಧಾಮದಲ್ಲಿ ಹೊಸ ಮನೆಗೆ ಕಾಯುವ ನಾಯಿಗಳಲ್ಲಿ ತಾಯಿ ಇಲ್ಲದ ಮರಿಗಳು, ಪೆಟ್ಟುಬಿದ್ದು ಚೇತರಿಸಿಕೊಂಡವು, ಗುಂಡನಂತೆ ಮನೆಯವರೇ ಬಿಟ್ಟುಹೋದವು ಬಹಳ ಇರುತ್ತವೆ.

ಭಾನುವಾರ ಜನ ಬರುತ್ತಾರೆ. ಹೆಣ್ಣು ನೋಡಲು ಬಂದವರ ಹಾಗೆಯೇ ಸಾಲಾಗಿ ನೋಡಿಕೊಂಡು ಹೋಗುತ್ತಾರೆ. ಮರಿ ಇದ್ದರೆ ಮೊದಲು ಮರಿಗೆ ಮನೆ ಸಿಗುತ್ತದೆ. ಆಮೇಲೆ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ನಾಯಿಯ ಕಡೆಗೆ ಕಣ್ಣು ಹೋಗುತ್ತದೆ: 'ಪಾಪ, ಎಷ್ಟು ಸಾಧು!' (ಸಾಧುವಲ್ಲ, ಹೆದರಿ ಮುದುಡಿರಬಹುದು ಎಂಬುದು ಬೇರೆ ಮಾತು.) ಗುಂಡನ ಸರದಿ ಬಂದಾಗ ಅದು ಗೇಟಿಗೆ ಎರಡು ಕಾಲೂರಿ, ಮೈಯೆಲ್ಲ ಬಾಲವಾಗಿ, ಬೊಗಳಿ, ನೀರಿನ ತಟ್ಟೆ ಉರುಳಿಸಿ, ಬಂದವರ ಪ್ಯಾಂಟಿಗೆ ಕೆಸರಿನ ಮುದ್ರೆಯೊತ್ತಿ ಸ್ವಾಗತಿಸುತ್ತದೆ. 'ಅಬ್ಬಾ, ಇದು ಬೇಡಪ್ಪ' ಎಂದು ಜನ ಮುಂದೆ ಹೋಗುತ್ತಾರೆ. ಒಮ್ಮೆ ಒಬ್ಬರು ಕರೆದುಕೊಂಡು ಹೋಗಿ ಹನ್ನೊಂದನೆಯ ದಿನಕ್ಕೆ ವಾಪಸು ತಂದರು. ಎರಡು ಜೊತೆ ಚಪ್ಪಲಿ ತಿಂದಿತ್ತು, ಅಜ್ಜಿಯ ಸೀರೆಯ ಸೆರಗು ಹಿಡಿದು ಎಳೆದಿತ್ತು. ಕಚ್ಚಿರಲಿಲ್ಲ. ಆದರೂ 'ವಾಪಸು ಬಂದ ನಾಯಿ' ಎಂಬ ಹಣೆಪಟ್ಟಿ ಬಿತ್ತು.

ಮನುಷ್ಯರನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಳ್ಳುವ ನಾಯಿ ಹೀಗೆ ಎಲ್ಲರಿಗಿಂತ ಹೆಚ್ಚು ದಿನ ಅಲ್ಲೇ ಉಳಿಯಿತು.

ಅಂಥ ಒಂದು ಭಾನುವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಬಂದಳು. ಆರು ತಿಂಗಳಿಂದ ಮನೆಯಲ್ಲಿ ಹಟ ಹಿಡಿದು ಹೊರಡಿಸಿಕೊಂಡು ಬಂದಿದ್ದಳು. ಗುಂಡನ ಮುಂದೆ ನಿಂತವಳು ಕದಲಲಿಲ್ಲ.

'ಅಪ್ಪ, ಇದೇ.'

'ಇದೇನೇ, ಕುದುರೆ ಥರ ಕುಣೀತಿದೆ! ಸಾಕೋಕಾಗತ್ತಾ ಇದನ್ನ?'

ನಾಯಿಗಳನ್ನು ನೋಡಿಕೊಳ್ಳುವವ ಹಗ್ಗ ತಂದ. 'ಸಾರ್, ಇವತ್ತು ಕರ್ಕೊಂಡು ಹೋಗೋ ಮಾತು ಬೇಡ. ಮೊದ್ಲು ಅರ್ಧ ಗಂಟೆ ನಡೆಸ್ಕೊಂಡು ಬನ್ನಿ. ಆಮೇಲೆ ಮಾತಾಡೋಣ.'

ಮೊದಲ ಹತ್ತು ನಿಮಿಷ ನಾಯಿಯೇ ಅಪ್ಪನನ್ನು ನಡೆಸಿತು. ಆಮೇಲೆ ಬೇಲಿ, ಕಲ್ಲು, ಹುಲ್ಲು, ಒಂದು ಹಳೆಯ ಟೈರು ಎಲ್ಲವನ್ನೂ ಮೂಸಿತು. ಅರ್ಧ ಗಂಟೆಗೆ ಹೊಂಗೆಮರದ ಕೆಳಗೆ ನಾಲಿಗೆ ಚಾಚಿ ಮಲಗಿ ಹುಡುಗಿಯ ಚಪ್ಪಲಿಯ ಮೇಲೆ ಗದ್ದ ಇಟ್ಟಿತು. ತಿನ್ನಲಿಲ್ಲ. 'ಇದು ಅದೇ ನಾಯೀನಾ?' ಎಂದು ಕೇಳಿದವರು ಅಮ್ಮ.

ಅದೇ ನಾಯಿ. ದಿನದ ಬಹುಪಾಲು ನಾಲ್ಕು ಗೋಡೆಯ ನಡುವೆ, ನೂರಾರು ನಾಯಿಗಳ ಬೊಗಳಾಟದ ನಡುವೆ ಕಳೆಯುವ ಎಳೆಪ್ರಾಯದ ಪ್ರಾಣಿ ಗೇಟಿನ ಬಳಿ ತೋರಿಸುವುದು ತನ್ನ ಪೂರ್ತಿ ಸ್ವಭಾವವನ್ನಲ್ಲ, ಕೂಡಿಹಾಕಿಸಿಕೊಂಡ ಬೇಸರವನ್ನು. ಮಳೆಯಿಂದಾಗಿ ವಾರವೆಲ್ಲ ಆಟದ ಪಿರಿಯಡ್ ತಪ್ಪಿದ ತರಗತಿಗೆ ಹೋಗಿ ಮಕ್ಕಳನ್ನು ತುಂಟರೆಂದು ತೀರ್ಮಾನಿಸಿದ ಹಾಗೆ ಅದು. ಆದ್ದರಿಂದಲೇ ತಿಳಿದವರು ಇಂಥ ನಾಯಿಯನ್ನು ಮೊದಲು ನಡೆಸಿ, ಆಮೇಲೆ ತೋರಿಸುತ್ತಾರೆ. ಮನೆಯವರೆಲ್ಲ ಎರಡು ಮೂರು ಸಲ ಬಂದು ನೋಡಲಿ ಎನ್ನುತ್ತಾರೆ. ಆದರೆ ಒಂದೆರಡು ವಾರ ಮನೆಯಲ್ಲಿಟ್ಟುಕೊಂಡು ನೋಡಲೂ ಕೊಡುತ್ತಾರೆ.

ಇನ್ನು ಅರ್ಜಿ. ಕೆಲವು ತಂದೆತಾಯಂದಿರಿಗೆ ಇದನ್ನು ಕಂಡರೆ ಸಿಟ್ಟು. 'ಬೇಡದ ನಾಯಿ ಕೊಡೋಕೂ ಇಷ್ಟು ವಿಚಾರಣೆಯೇ?' ಮನೆ ಸ್ವಂತದ್ದೋ ಬಾಡಿಗೆಯದೋ, ಮನೆ ಮಾಲೀಕರು ಒಪ್ಪಿದ್ದಾರೋ, ಹಗಲು ಎಷ್ಟು ಗಂಟೆ ಮನೆ ಖಾಲಿ, ಊರಿಗೆ ಹೋದಾಗ ನಾಯಿ ಯಾರ ಬಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೇಳದೆ ಕೊಡುವುದೇ ತಪ್ಪು. ಮನೆ ದೊಡ್ಡದಿರಬೇಕೆಂದೂ ಇಲ್ಲ. ಕಾಂಪೌಂಡ್ ಇದೆ ಎಂದು ಹೇಳಿ ಅದರೊಳಗೆ ಹಗಲೂ ರಾತ್ರಿ ಸರಪಳಿ ಹಾಕಿಡುವ ಬಂಗಲೆಗಿಂತ, ಬೆಳಿಗ್ಗೆ ಮುಕ್ಕಾಲು ಗಂಟೆ ಸಂಜೆ ಮುಕ್ಕಾಲು ಗಂಟೆ ಹೊರಗೆ ಕರೆದೊಯ್ಯುವ ಎರಡು ಕೋಣೆಯ ಮನೆ ಎಷ್ಟೋ ವಾಸಿ. ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು: ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿದೆ. ಮೆಟ್ಟಿಲ ಮೇಲಿನ ಹೊಲಸನ್ನು ಎತ್ತುವ ಹೊಣೆ ಮಾತ್ರ ಸಾಕಿದವರದೇ.

ಅರ್ಜಿಯಲ್ಲಿಲ್ಲದ ಒಂದು ಪ್ರಶ್ನೆಯನ್ನು ಆ ದಿನ ಅಮ್ಮ ಕೇಳಿದರು. 'ಇದು ಎಷ್ಟು ವರ್ಷ ಬದುಕತ್ತೆ?'

ಚೆನ್ನಾಗಿ ನೋಡಿಕೊಂಡರೆ ಹನ್ನೆರಡು, ಹದಿಮೂರು. ಇನ್ನೂ ಹೆಚ್ಚು ಬದುಕಿದ ನಾಡುನಾಯಿಗಳೂ ಇವೆ. ಅಮ್ಮ ಅಲ್ಲೇ ಬೆರಳು ಮಡಿಸಿ ಲೆಕ್ಕ ಹಾಕಿದರು. ಈಗ ಮಗಳಿಗೆ ಹದಿಮೂರು, ನಾಯಿಗೆ ಎರಡು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾಯಿಗೆ ನಾಲ್ಕು. ಬೆಳಗಿನ ಟ್ಯೂಷನ್ ಹೊತ್ತೂ ಅದರ ತಿರುಗಾಟದ ಹೊತ್ತೂ ಒಂದೇ. ಪಿಯುಸಿ ಮುಗಿಯುವಾಗ ಆರು. ಆಮೇಲೆ ಮಗಳು ಹಾಸ್ಟೆಲಿಗೆ ಹೋಗಬಹುದು. ಕೆಲಸ ಹಿಡಿದು ಬೇರೆ ಊರು ಸೇರುವ ಹೊತ್ತಿಗೆ ನಾಯಿಗೆ ಹತ್ತೋ ಹನ್ನೊಂದೋ. ಕಣ್ಣಿಗೆ ಪೊರೆ, ಕೀಲಿಗೆ ನೋವು, ತಿಂಗಳಿಗೊಮ್ಮೆ ಡಾಕ್ಟರು. 'ಅಂದ್ರೆ ಇದು ಅವಳ ನಾಯಿ ಅಲ್ಲ, ನನ್ನ ನಾಯಿ' ಎಂದರು ಅಮ್ಮ.

ಮಕ್ಕಳ ಮುಖ ಸಪ್ಪಗಾಗುವ ಇಂಥ ಲೆಕ್ಕವನ್ನು ಬಹಳ ಮನೆಗಳಲ್ಲಿ ಹಾಕುವುದೇ ಇಲ್ಲ. ಹುಟ್ಟುಹಬ್ಬಕ್ಕೆ ನಾಯಿ ಬರುತ್ತದೆ, ಮೂರು ವಾರ ಮಗ ನಡೆಸುತ್ತಾನೆ, ನಾಲ್ಕನೆಯ ವಾರದಿಂದ ಹಗ್ಗ ತಾಯಿಯ ಕೈಗೆ ಬರುತ್ತದೆ, ವರ್ಷದೊಳಗೆ ಯಾವುದೋ ಗೇಟಿಗೆ ಕಟ್ಟಲ್ಪಡುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರೋ, ನಾಯಿಯ ವಿಷಯದಲ್ಲಿ ಮೊದಲ ಮತ ಅವರದಾಗಬೇಕು. ಅವರು ಬೇಡವೆಂದರೆ ಬೇಡ. ನಾಯಿಯನ್ನು ತರದಿರುವುದು ನಿರ್ದಯವಲ್ಲ. ತಂದು ಬಿಡುವುದು ನಿರ್ದಯ, ಅಪರಾಧವೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನಲ್ಲಿ, ಹಸಿವು ಬಾಯಾರಿಕೆಯಿಂದ ನರಳಬಹುದಾದಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದೂ ಸೇರಿದೆ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಹೋಟೆಲಿನ ಮಸಾಲೆದೋಸೆಗೂ ಸಾಲದ ಹಣ!

ನಾಯಿಗೆ ಮನೆ ಬದಲಾಗುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಚರಿತ್ರೆಯ ಪಾಠದಲ್ಲಿ ತಕ್ಕೋಲದ ಯುದ್ಧ ಓದಿದ ವಿದ್ಯಾರ್ಥಿಗಳಿಗೆ ಗಂಗರ ಬೂತುಗನ ಹೆಸರು ನೆನಪಿರಬಹುದು. ಚೋಳರ ಮೇಲಿನ ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಅವನು ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿತ್ತು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿದ ಆ ಕಲ್ಲಿನಲ್ಲಿ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ರಜೆಯಲ್ಲಿ ಮಕ್ಕಳಿಗೆ ತೋರಿಸಬಹುದು. ಮಣಲೇರನಿಗೆ ನಾಯಿ ಯಾಕೆ ಬೇಕೆಂಬುದು ಗೊತ್ತಿತ್ತು. ಕಾಳಿಗೆ ಅವನ ಬಳಿ ಕೆಲಸವಿತ್ತು.

ಈ ಕಾಲದ ಕಾಳಿಗೆ ಹಂದಿ ಬೇಕಿಲ್ಲ. ಮೂಸುವ ಕೆಲಸ ಸಾಕು. ಅನ್ನವನ್ನು ತಟ್ಟೆಗೆ ಸುರಿಯುವ ಬದಲು ಒಂದು ಪಾಲನ್ನು ತೆಂಗಿನ ಚಿಪ್ಪಿನಲ್ಲಿಟ್ಟು ಮನೆಯ ಮೂಲೆಗಳಲ್ಲಿ ಬಚ್ಚಿಟ್ಟರೆ ಅದನ್ನು ಹುಡುಕುವುದರಲ್ಲೇ ಅರ್ಧ ಹುರುಪು ಇಳಿಯುತ್ತದೆ. ಮೈಮೇಲೆ ಹಾರಿದಾಗ ಕೂಗುವುದು, ಮೊಣಕಾಲಿನಿಂದ ತಳ್ಳುವುದು ಎರಡೂ ನಾಯಿಗೆ ಆಟವೇ. ಮಾತಾಡದೆ ಬೆನ್ನು ತಿರುಗಿಸಿ, ನಾಲ್ಕು ಕಾಲೂ ನೆಲ ಮುಟ್ಟಿದ ಕೂಡಲೇ ತಲೆ ಸವರಬೇಕು. ಮಗಳು ಹೀಗೆ ಮಾಡುವಾಗ ಅಪ್ಪ ಸಂಜೆ ಬಂದು 'ಬಾರೋ ಮೇಲಕ್ಕೆ' ಎಂದು ಎದೆ ತಟ್ಟಿದರೆ ಕೆಲಸ ಕೆಟ್ಟಿತು. ಹೊಡೆಯುವುದರಿಂದ ನಾಯಿ ಕಲಿಯುವುದು ಹೊಡೆಯುವವರ ಕೈಗೆ ಹೆದರುವುದನ್ನು ಮಾತ್ರ. ಹೊಸ ಮನೆಗೆ ಹೊಂದಿಕೊಳ್ಳುವ ಬಗ್ಗೆ ನಾಯಿ ಬಲ್ಲವರು ಒಂದು ಅಂದಾಜು ಹೇಳುತ್ತಾರೆ: ಗಾಬರಿ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಗುಂಡನನ್ನು ಹನ್ನೊಂದನೆಯ ದಿನಕ್ಕೆ ವಾಪಸು ತಂದವರು ಪುಸ್ತಕದ ಮುನ್ನುಡಿ ಓದಿ ಎತ್ತಿಟ್ಟಂತಾಯಿತು.

ಹಬ್ಬದ ಮನೆಯಲ್ಲಿ ಎರಡು ಎಚ್ಚರ: ಪಾಯಸದ ದ್ರಾಕ್ಷಿ, ಮಕ್ಕಳ ಚಾಕೊಲೇಟ್ ಎರಡೂ ನಾಯಿಗೆ ವಿಷ, ದೀಪಾವಳಿಯ ಸಂಜೆ ಬಾಗಿಲು ಭದ್ರವಾಗಿರಬೇಕು, ಪಟಾಕಿಗೆ ಬೆದರಿ ಓಡಿದ ನಾಯಿಗೆ ದಾರಿ ತಿಳಿಯುವುದಿಲ್ಲ. ಹುಚ್ಚುನಾಯಿ ರೋಗದ ಭಯ ತಂದೆತಾಯಂದಿರಿಗೆ ಸಹಜ, ಇರಬೇಕಾದದ್ದೇ. ರೋಗ ಕಾಣಿಸಿಕೊಂಡ ಮೇಲೆ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಮೊದಲೇ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ನಾಯಿಗೆ ಮೂರು ತಿಂಗಳ ಪ್ರಾಯದಿಂದ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷ. ಯಾವ ನಾಯಿಯ ಹಲ್ಲು ತಾಗಿದರೂ, ಪರಚಿದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಮ್ಮ ಬೈಯುತ್ತಾಳೆಂದು ಮಕ್ಕಳು ಗೀರನ್ನು ಮುಚ್ಚಿಡುವುದುಂಟು. ಬೈಯುವುದಿಲ್ಲ ಎಂಬ ಮಾತನ್ನು ನಾಯಿ ಮನೆಗೆ ಬರುವ ಮೊದಲೇ ಕೊಟ್ಟಿರಬೇಕು.

ಆ ಭಾನುವಾರ ಗುಂಡ ಅಲ್ಲೇ ಉಳಿಯಿತು. ಹುಡುಗಿ ಅತ್ತಳು. ಆದರೆ ಹೊರಡುವ ಮುನ್ನ ಒಂದು ಕೆಲಸ ಮಾಡಿದಳು. ಆಶ್ರಯಧಾಮದ ಹಲಗೆಯಲ್ಲಿ ಎಲ್ಲ ನಾಯಿಗಳ ಹೆಸರಿನ ಮುಂದೆಯೂ 'ಸೌಮ್ಯ ಸ್ವಭಾವ' ಎಂದಿತ್ತು, ವಧೂವರರ ಜಾಹೀರಾತಿನಂತೆ. ಗುಂಡನ ಚೀಟಿ ತೆಗೆದು ಬೇರೆ ಬರೆದಳು: 'ಹಾರುತ್ತದೆ. ಹಗ್ಗ ಎಳೆಯುತ್ತದೆ. ಚಪ್ಪಲಿ ಒಳಗಿಡಿ. ಮೊದಲು ಅರ್ಧ ಗಂಟೆ ನಡೆಸಿ, ಆಮೇಲೆ ನೋಡಿ. ದಿನಾ ನಡೆಯುವವರ ಮನೆ ಬೇಕು.'

ದಾರಿಯಲ್ಲಿ ಅಪ್ಪ ಕೊನೆಯ ಸಾಲನ್ನು ಇನ್ನೊಮ್ಮೆ ಹೇಳಿಕೊಂಡರು. ದಿನಾ ನಡೆಯುವವರು ಅವರ ಮನೆಯಲ್ಲೇ ಒಬ್ಬರಿದ್ದರು. ನಿವೃತ್ತಿಯಾದ ಮೇಲೆ ಮಳೆ ಬರಲಿ ಚಳಿ ಬರಲಿ ಐದೂವರೆಗೆ ಕೆರೆಯ ಏರಿಯ ಮೇಲೆ ಐದು ಸುತ್ತು ಹಾಕುವ, ನಾಯಿಯ ಮಾತೆತ್ತಿದರೆ ಗದರುವ ತಾತ. ಅವರನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ತಾತನೂ ಬಂದರು. 'ಬರೀ ನೋಡೋಕೆ ಬಂದಿದೀನಿ' ಎಂದು ಎರಡು ಸಲ ಹೇಳಿದರು. ಹಗ್ಗ ಹಿಡಿದು ಹೋದವರು ಅರ್ಧ ಗಂಟೆಗೆ ಬರಲಿಲ್ಲ, ಮುಕ್ಕಾಲು ಗಂಟೆಗೂ ಬರಲಿಲ್ಲ. ಅಪ್ಪ ಗೇಟಿನ ಬಳಿ ಹೋಗಿ ನೋಡಿದರು. ದೂರದ ಮಣ್ಣು ರಸ್ತೆಯಲ್ಲಿ ಇಬ್ಬರೂ ಬರುತ್ತಿದ್ದರು, ತಾತ ಏನೋ ಬೈಯುತ್ತಿದ್ದರು, ಗುಂಡ ಬೇಲಿಯ ಕಡೆಗೆ ಎಳೆಯುತ್ತಿತ್ತು.

'ನಿಧಾನ ಕಣೋ, ನಂಗೂ ಮಂಡಿ ನೋವಿದೆ.'

ಅರ್ಜಿಗೆ ಸಹಿ ಹಾಕಿದ್ದು ಅದರ ಮರುವಾರ. ಮೊದಲ ಸಹಿ ಅಮ್ಮನದು.